ಅಮೇರಿಕದಲ್ಲಿ ಉಳಿದ ತಂಬಿಗೆ

ಧುಪದಾಳ

ಅಮೇರಿಕಕ್ಕೆ ಹೋಗುವಾಗ ನನ್ನ ಗಂಟಿನಲ್ಲಿ ಒಂದು ಹಿತ್ತಾಳೆ ತಂಬಿಗೆ ಇತ್ತು. ಬರುವಾಗ ಇರಲಿಲ್ಲ. ಹೊಳೆದಂಡೆಯಲ್ಲಿ ಬಟ್ಟೆ ಒಗೆಯುವ ಹೆಂಗಸರು ಅಮೇರಿಕ ಹೇಗಿದೆ ಎಂದು ಒಂದು ಸಲ ಕೇಳಿದರೆ, ತಂಬಿಗೆ ಎಲ್ಲಿ ಹೋಯಿತು ಎಂದು ಹತ್ತು ಸಲ ಕೇಳುತ್ತಾರೆ. ಹೇಳಿ ಹೇಳಿ ನನ್ನ ಬಾಯಿ ನೋಯುತ್ತದೆ. ಅದಕ್ಕೇ ಬರೆದಿಡುತ್ತೇನೆ. ಅಕ್ಷರ ಕಲಿತದ್ದು ಮುಪ್ಪಿನಲ್ಲಿ, ಮೊಮ್ಮಗಳ ಪಾಟಿಯ ಮೇಲೆ. ದೊಡ್ಡ ಮಾತು ಬರೆಯಲು ಬರುವುದಿಲ್ಲ. ನಡೆದದ್ದು ಬರೆಯಲು ಬರುತ್ತದೆ.

ಆ ತಂಬಿಗೆ ಹೋದದ್ದು ಒಬ್ಬ ಹುಡುಗನ ತಲೆಯ ಸಲುವಾಗಿ. ಇಷ್ಟೇ ಹೇಳಿದರೆ ಯಾರಿಗೂ ತಿಳಿಯುವುದಿಲ್ಲ.

ನಾನು ಹುಟ್ಟಿದ್ದು ತುಕ್ಕಾನಟ್ಟಿ. ಕೊಟ್ಟದ್ದು ಹುಕ್ಕೇರಿಗೆ. ಗಂಡ ಸತ್ತ ಮೇಲೆ ಧುಪದಾಳದಲ್ಲಿ ಮಗಳ ಮನೆ ಸೇರಿದೆ. ಬಿಟ್ಟಿ ಕೂತು ಉಣ್ಣಬಾರದು ಎಂದು ಗೋಕಾಕ ಫಾಲ್ಸಿನ ಗಿರಣಿ ಬಂಗಲೆಯಲ್ಲಿ ಕೂಸು ಆಡಿಸುವ ಕೆಲಸ ಹಿಡಿದೆ. ಕೂಸಿನ ಹೆಸರು ಮೇರಿ. ಅದರ ಅಪ್ಪ ಗಿರಣಿಗೆ ಯಂತ್ರ ಕೂಡಿಸಲು ಬಂದ ಅಮೇರಿಕದ ಸಾಹೇಬ. ಅವರು ಕನ್ನಡ ಕಲಿತದ್ದು ಗಿರಣಿಯ ಫಿಟ್ಟರುಗಳ ಹತ್ತಿರ. ಆದ್ದರಿಂದ ಬೈಗುಳ ಮೊದಲು ಬಂತು, ‘ರಿ’ ಹಚ್ಚುವುದು ಕೊನೆಗೂ ಬರಲಿಲ್ಲ. ನನ್ನನ್ನು ಆಯಿ ಎನ್ನುತ್ತಿದ್ದರು, ನೀನು ಎನ್ನುತ್ತಿದ್ದರು.

ಲಡಾಯಿ ಮುಗಿದು ಹಡಗುಗಳು ಮತ್ತೆ ಜನರನ್ನು ಒಯ್ಯತೊಡಗಿದವು. ಸಾಹೇಬರು ಹೆಂಡತಿ ಮಗಳನ್ನು ಕರೆದುಕೊಂಡು ಮೂರು ತಿಂಗಳು ತಮ್ಮ ಊರಿಗೆ ಹೊರಟರು. ಮೇರಿ ನನ್ನ ಕೈ ಬಿಟ್ಟು ಬೇರೆ ಯಾರ ಕೈಯಿಂದಲೂ ಉಣ್ಣುತ್ತಿರಲಿಲ್ಲ. ನಾನೂ ಹೊರಟೆ.

ಮಗಳು ಅತ್ತಳು. “ಯವ್ವಾ, ಆ ದೇಶದಾಗ ಸತ್ತರ ನಿನಗ ಮಣ್ಣ ಕೊಡೋರು ಯಾರ?” ಎಂದಳು.

ಸತ್ತವಳಿಗೆ ಅದರ ಚಿಂತೆ ಇಲ್ಲ ಎಂದು ಬಾಯಿಂದ ಹೇಳಿದೆ. ಹೊಟ್ಟೆಯಲ್ಲಿ ಅದೇ ಭಯ ಕೂತುಕೊಂಡಿತು.

ಹಡಗು

ರೈಲಿನ ಮಾತು ಬಿಡುತ್ತೇನೆ. ರೈಲು ಎಲ್ಲರೂ ನೋಡಿದ್ದಾರೆ.

ಹಡಗಿನಲ್ಲಿ ನಾಲ್ಕು ದಿವಸ ನಾನು ಕಣ್ಣು ತೆರೆಯಲಿಲ್ಲ. ಐದನೆಯ ದಿವಸ ತೆರೆದೆ. ಸುತ್ತಲೂ ನೀರು. ಧುಪದಾಳದ ಒಡ್ಡಿನ ಹಿಂದೆ ನಿಂತ ನೀರಿಗೆ ಆಚೆ ದಂಡೆ ಇದೆ, ಆಚೆ ದಂಡೆಯಲ್ಲಿ ಎಮ್ಮೆ ಇದೆ. ಇದಕ್ಕೆ ಏನೂ ಇಲ್ಲ.

ಮುಂದಿನ ವಾರ ಒಬ್ಬ ಬಿಳಿ ಮುದುಕ ತೀರಿಕೊಂಡ. ಅವನನ್ನು ಅರಿವೆಯಲ್ಲಿ ಸುತ್ತಿ ಹಲಗೆಯ ಮೇಲೆ ಮಲಗಿಸಿದರು. ಎಲ್ಲರೂ ಟೊಪ್ಪಿಗೆ ತೆಗೆದರು. ಹಲಗೆ ಓರೆ ಮಾಡಿದರು. ಮುದುಕ ಜಾರಿ ಹೋದ. ಹಡಗು ನಿಲ್ಲಲೂ ಇಲ್ಲ. ನಾನು ಕೊರಳಲ್ಲಿದ್ದ ಲಿಂಗವನ್ನು ಗಟ್ಟಿಯಾಗಿ ಹಿಡಿದುಕೊಂಡು ಸಾಹೇಬರ ಹತ್ತಿರ ಹೋದೆ.

“ಸಾಹೇಬ್ರ, ನಾ ಸತ್ತರ ನೀರಿಗೆ ಹಾಕಬ್ಯಾಡ್ರಿ. ನಮ್ಮವರನ್ನ ಕುಂಡ್ರಿಸಿ ಮಣ್ಣ ಕೊಡ್ತಾರ. ನೀರಾಗ ಕುಂಡ್ರಾಕ ಬರೂದಿಲ್ಲ.”

“ನೀ ಸಾಯಾಂಗಿಲ್ಲ, ಆಯಿ. ನಿನಗ ಪುರಸೊತ್ತ ಎಲ್ಲೈತಿ? ಮೇರಿ ಬಿಡತಾಳೇನ?”

“ಖರೇ ಹೇಳ್ರಿ.”

“ಖರೇನ. ನೆಲ ಸಿಗೂತನಕ ಬರಫದಾಗ ಇಡಸ್ತೇನಿ.”

“ಮೀನ ಇಟ್ಟಾಂಗ?”

“ಮೀನಿನ ಬಾಜೂಕ ಬ್ಯಾಡಂದ್ರ ಬ್ಯಾರೆ ಪೆಟಗಿ ಕೇಳ್ತೇನಿ.”

ನಕ್ಕೆ. ಆದರೂ ಮುಂದೆ ಹಡಗು ಇಳಿಯುವ ತನಕ ಸ್ವಲ್ಪ ಕೆಮ್ಮು ಬಂದರೂ ಸೆರಗಿನಲ್ಲಿ ಮುಚ್ಚಿಕೊಂಡೇ ಕೆಮ್ಮಿದೆ.

ಗಿರಣಿಯೂರು

ಆ ಊರಿನ ಹೆಸರು ನನ್ನ ನಾಲಿಗೆಗೆ ಹೊರಳಲಿಲ್ಲ. ಗಿರಣಿಯೂರು ಎಂದೇ ಕರೆದೆ. ಗುಡ್ಡ, ಗುಡ್ಡದ ಬುಡಕ್ಕೆ ಹೊಳೆ, ಹೊಳೆದಂಡೆಗೆ ಗಿರಣಿ. ಸೀಟಿ ಊದಿದರೆ ಜನ ಒಳಗೆ ಹೋಗುತ್ತಾರೆ, ಮತ್ತೆ ಊದಿದರೆ ಹೊರಗೆ ಬರುತ್ತಾರೆ. ಇಷ್ಟು ನೀರು ದಾಟಿ ಮತ್ತೆ ಫಾಲ್ಸಿಗೇ ಬಂದೆನೇ ಎನಿಸಿತು. ಆದರೆ ಅಲ್ಲಿ ಯಾರೂ ಯಾರನ್ನೂ ಮಾತಾಡಿಸುವುದಿಲ್ಲ. ನಮ್ಮಲ್ಲಿ ಒಬ್ಬ ಹೆಂಗಸು ಓಣಿ ದಾಟಿದರೆ ಎಲ್ಲಿಗೆ, ಯಾಕೆ, ಬುತ್ತಿಯಲ್ಲಿ ಏನಿದೆ ಎಂದು ನಾಲ್ಕು ಜನ ಕೇಳುತ್ತಾರೆ. ಅಲ್ಲಿ ಬಾಗಿಲುಗಳು ಹಗಲೆಲ್ಲ ಮುಚ್ಚಿರುತ್ತವೆ. ಮುಚ್ಚಿದ ಬಾಗಿಲು ಕಂಡಾಗಲೆಲ್ಲ ಒಳಗೆ ಯಾರೋ ತೀರಿಕೊಂಡಿದ್ದಾರೆ ಎಂದು ನನಗೆ ಎದೆ ಹೊಡೆದುಕೊಳ್ಳುತ್ತಿತ್ತು.

ಮೊದಲ ದಿವಸವೇ ರೊಟ್ಟಿ ಬಡಿದೆ. ಬಿಳಿ ಜೋಳ ಸಿಗಲಿಲ್ಲ, ಗೋವಿನಜೋಳದ ಹಿಟ್ಟು ಸಿಕ್ಕಿತು. ಸಪ್ಪಳ ಕೇಳಿ ಬಾಜೂ ಮನೆಯ ಹೆಂಗಸು ಓಡಿ ಬಂದಳು. ಯಾರನ್ನೋ ಹೊಡೆಯುತ್ತಿದ್ದಾರೆ ಎಂದು ತಿಳಿದಳಂತೆ. ರೊಟ್ಟಿ ತೋರಿಸಿದೆ. ಇನ್ನೂ ಹೆದರಿದಳು.

ನಾವು ಇಳಿದದ್ದು ಸಾಹೇಬರ ಅಪ್ಪನ ಮನೆಯಲ್ಲಿ. ಆ ಮುದುಕ ಊರಿನ ಚೆಂಡಿನ ತಂಡಕ್ಕೆ ಆಟ ಕಲಿಸುವವನು. ನಮ್ಮ ಹುಕ್ಕೇರಿ ತಾಲೀಮಿನಲ್ಲಿ ಕುಸ್ತಿ ಕಲಿಸುವವನಿಗೆ ವಸ್ತಾದ ಎನ್ನುತ್ತೇವೆ. ನಾನು ಇವನಿಗೂ ವಸ್ತಾದ ಎಂದೇ ಹೆಸರಿಟ್ಟೆ. ಆ ತಂಡದವರು ಪಗಾರ ತೆಗೆದುಕೊಂಡು ಆಡುತ್ತಾರೆ. ಆಡಿದ್ದಕ್ಕೆ ಪಗಾರ ಎಂದಾಗ ನಾನು ನಂಬಲಿಲ್ಲ. ಆಟ ನೋಡಿದ ಮೇಲೆ ಪಗಾರ ಸಾಲದು ಎನಿಸಿತು.

ಹನ್ನೊಂದು ಮಂದಿ ಈ ಕಡೆ, ಹನ್ನೊಂದು ಮಂದಿ ಆ ಕಡೆ. ಚೆಂಡು ದುಂಡಗಿಲ್ಲ, ಸುಲಿಯದ ತೆಂಗಿನಕಾಯಿಯ ಹಾಗೆ ಎರಡೂ ತುದಿ ಚೂಪು. ಮುಂದೆ ಬಗ್ಗಿ ನಿಂತವನು ಅದನ್ನು ಕಾಲ ಸಂದಿಯಿಂದ ಹಿಂದಿನವನ ಕೈಗೆ ಕೊಡುತ್ತಾನೆ. ಆ ಹಿಂದಿನವನಿಗೆ ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಚೆಂಡು ಕೊಡು ಎಂದು ಕೂಗುವವನು ಅವನು, ಉಳಿದವರು ಅವನ ಕೂಗು ಕೇಳಿ ಓಡುತ್ತಾರೆ. ಯಾರಿಗೆ ಒಗೆಯಬೇಕು ಎಂದು ನೋಡುವವನೂ ಅವನೇ. ಎದುರಿನವರಿಗೆಲ್ಲ ಒಂದೇ ಧ್ಯಾಸ, ಅವನನ್ನು ನೆಲಕ್ಕೆ ಕೆಡವುವುದು. ಕುಸ್ತಿಯಲ್ಲಿ ಒಬ್ಬನಿಗೆ ಒಬ್ಬ. ಇಲ್ಲಿ ಒಬ್ಬನ ಮೇಲೆ ಐದಾರು ಮಂದಿ ಬಿದ್ದು, ಎದ್ದು, ಮೈ ಕೊಡವಿಕೊಳ್ಳುತ್ತಾರೆ. ಅಡಿಯಲ್ಲಿದ್ದವನು ಏಳುವ ತನಕ ನಾನು ಉಸಿರು ಹಿಡಿದು ಕೂಡುತ್ತಿದ್ದೆ. ತಲೆಗೆ ಒಂದು ಚರ್ಮದ ಟೊಪ್ಪಿಗೆ. ಅಷ್ಟೇ.

ವಸ್ತಾದನ ಹತ್ತಿರ ಕ್ವಾರ್ಟರ್‌ಬ್ಯಾಕ್ ಹುಡುಗರು ಇಬ್ಬರಿದ್ದರು, ವಾಲ್ಟರ್ ಮತ್ತು ಡ್ಯಾನಿ. ಇಬ್ಬರೂ ಅದೇ ಮನೆಯ ಮಾಳಿಗೆಯ ಮೇಲೆ ಇರುತ್ತಿದ್ದರು, ನಮ್ಮ ಜೊತೆಗೇ ಉಣ್ಣುತ್ತಿದ್ದರು. ನಾನು ಕುಸ್ತಿಯ ಮನೆಗೆ ಸೊಸೆಯಾಗಿ ಹೋದವಳು. ಹುಡುಗರ ಮೈಕಟ್ಟು, ಸಿಟ್ಟು, ಉಣ್ಣುವ ರೀತಿ ನೋಡುವ ಚಟ ನನಗೆ ಬಿಟ್ಟಿಲ್ಲ.

ವಾಲ್ಟರ್ ಎತ್ತರದ ಆಳು, ಕೆಂಪು ಕೂದಲು. ತುಕ್ಕಾನಟ್ಟಿಯ ಜೋಳದ ಹೊಲದಲ್ಲಿ ಅಟ್ಟದ ಮೇಲೆ ನಿಂತು ಹಕ್ಕಿ ಓಡಿಸಲು ಕವಣೆ ಬೀಸುತ್ತಾರಲ್ಲ, ಹಾಗೆ ಅವನ ತೋಳಿನಿಂದ ಚೆಂಡು ಹೋಗುತ್ತಿತ್ತು. ಆದರೆ ಮೂಗಿನ ತುದಿಯಲ್ಲೇ ಸಿಟ್ಟು. ಒಗೆದದ್ದು ತಪ್ಪಿದರೆ ತನ್ನ ಟೊಪ್ಪಿಗೆಯನ್ನೇ ಒದೆಯುವನು. ಬಾಗಿಲು ಮೆಲ್ಲಗೆ ಮುಚ್ಚಿದ್ದು ನಾನು ಕಾಣೆ. ಡ್ಯಾನಿ ಗಿಡ್ಡ, ಅಗಲ ಎದೆ. ಚೆಂಡು ಅಷ್ಟು ದೂರ ಒಗೆಯುತ್ತಿರಲಿಲ್ಲ. ಒಗೆದರೆ ಹಿಡಿಯುವವನ ಮಡಿಲಲ್ಲೇ ಇಟ್ಟ ಹಾಗೆ. ಎದುರಿನವನ ಕೈ ಅಂಗಿಗೆ ತಾಗುವ ತನಕ ಕದಲುತ್ತಿರಲಿಲ್ಲ. ಜನ ಅದಕ್ಕೆ ಎದೆಗಾರಿಕೆ ಎಂದರು. ಮಾತು ಕಡಿಮೆ. ಯಾರಾದರೂ ಮಾತಾಡಿದರೆ ಅವರ ಬಾಯಿಯನ್ನೇ ನೋಡುತ್ತ ನಗುತ್ತಿದ್ದ. ನನಗೆ ಅವನೇ ಮೆಚ್ಚುಗೆಯಾದ. ನಾನು ಒಯ್ದಿದ್ದ ಗೋಕಾಕ ಕರದಂಟಿನ ಮೇಲೆ ಇಬ್ಬರಿಗೂ ಜೀವ.

ಡ್ಯಾನಿಯ ಕೋಣೆಯಲ್ಲಿ ಒಂದು ಫೋಟೋ ಇತ್ತು. ಕಪ್ಪು ಮುಖದ ಇಬ್ಬರು, ಟೊಪ್ಪಿಗೆಗೆ ಸಿಕ್ಕಿಸಿದ ದೀಪ. ಸಾಹೇಬರು ಹೇಳಿದರು, “ಇವನ ಅಪ್ಪ, ಅಣ್ಣ. ನೆಲದ ಕೆಳಗ ಕಲ್ಲಿದ್ದಲ ಕಡೀತಾರ. ಇವನೂ ಕಡದಾನ. ಚೆಂಡ ಇವನ್ನ ಮ್ಯಾಲ ತಂತು. ಚೆಂಡ ಹೋತಂದ್ರ ಮತ್ತ ಕೆಳಗ.”

ತಂಬಿಗೆ ಬೀಳಿಸಿದ ದಿನ

ಮುಂದಿನ ರವಿವಾರ ದೊಡ್ಡ ಆಟವಿತ್ತು. ಇಬ್ಬರಲ್ಲಿ ಯಾರನ್ನು ಇಳಿಸುವುದು ಎಂದು ವಸ್ತಾದನಿಗೆ ತೀರ್ಮಾನವಾಗಲಿಲ್ಲ. ಒಂದು ಮುಂಜಾನೆ ಮನೆಯವರು ಮೇಜಿಗೆ ಕೂತಾಗ ಮುದುಕ ನನ್ನ ಕಡೆ ತಿರುಗಿ ಏನೋ ಕೇಳಿದ.

ಸಾಹೇಬರು ನಕ್ಕರು. “ಆಯಿ, ನಿಮ್ಮೂರಾಗ ಪೈಲವಾನರನ್ನ ಹ್ಯಾಂಗ ಆರಸ್ತಾರ ಅಂತ ಕೇಳಾಕತ್ತಾನ ನಮ್ಮಪ್ಪ.”

“ಪೈಲವಾನರದು ವಸ್ತಾದಗ ಗೊತ್ತರಿ. ನನಗ ಹೋರಿ ಆರಸೂದ ಗೊತ್ತೈತಿ.”

ಹೇಳಿದೆ. ಮೂಡಲಗಿಯ ದನದ ಸಂತೆಯಲ್ಲಿ ನನ್ನ ಅಪ್ಪ ಹೋರಿ ಕೊಳ್ಳುವ ಮೊದಲು ಅದರ ಮುಂದೆ ಮೇವು ಹಾಕುತ್ತಿದ್ದ. ಅದು ತಿನ್ನತೊಡಗಿದಾಗ ಹಿಂದೆ ನಿಂತು ತಂಬಿಗೆ ಬೀಳಿಸುತ್ತಿದ್ದ. ಹಗ್ಗ ಹರಿದು ಓಡಿದರೆ ಬೇಡ. ಬೆದರದೆ ನಿಂತರೆ ಗಟ್ಟಿ ಎದೆ.

ಸಾಹೇಬರು ಇಂಗ್ಲಿಷಿನಲ್ಲಿ ಹೇಳುವಾಗ ಹುಡುಗರು ಇನ್ನೂ ಮಾಳಿಗೆ ಇಳಿದಿರಲಿಲ್ಲ. ವಸ್ತಾದ ಮೇಜು ಗುದ್ದಿದ, ಈಗಲೇ ಮಾಡು ಎಂದು ಕೈ ತೋರಿಸಿದ. ಹುಡುಗರು ಬಂದು ಕೂತರು, ತಿನ್ನತೊಡಗಿದರು. ನಾನು ಒಲೆಯ ಹತ್ತಿರ ಅವರ ಬೆನ್ನ ಹಿಂದೆ ನಿಂತು ತಂಬಿಗೆ ಬಿಟ್ಟೆ. ಕೆಳಗೆ ಕಲ್ಲಿನ ನೆಲ. ಮೇರಿ ಚಿಟ್ಟನೆ ಚೀರಿದಳು. ವಾಲ್ಟರ್ ಹಾರಿ ಎದ್ದ, ಹಾಲು ಚೆಲ್ಲಿತು, ತಿರುಗಿ ನನಗೆ ಏನೋ ಬೈದ. ಆಮೇಲೆ ಹಾಲು ಒರೆಸಿ ಕೂತು ಮತ್ತೆ ತಿನ್ನತೊಡಗಿದ. ಡ್ಯಾನಿ ತಟ್ಟೆಯಿಂದ ತಲೆ ಎತ್ತಲಿಲ್ಲ. ಎಲ್ಲರೂ ನಗುವಾಗ ತಲೆ ಎತ್ತಿ ತಾನೂ ನಕ್ಕ.

“ಯಾರ, ಆಯಿ?” ಎಂದರು ಸಾಹೇಬರು.

“ಇವನರಿ,” ಎಂದು ಡ್ಯಾನಿಯ ಹೆಗಲ ಮೇಲೆ ಕೈಯಿಟ್ಟೆ.

ವಸ್ತಾದ ತಲೆಯಾಡಿಸಿದ. ರವಿವಾರಕ್ಕೆ ಡ್ಯಾನಿ ಎಂದ. ನನ್ನ ಮಾತಿಗೆ ಗಂಡಸರು ತಲೆಯಾಡಿಸಿದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಆ ದಿವಸವೆಲ್ಲ ಎದೆ ಉಬ್ಬಿಸಿಕೊಂಡು ತಿರುಗಿದೆ.

ಔಡಲೆಣ್ಣೆ

ಡ್ಯಾನಿಯ ಹೆಗಲು ಉಳುಕಿತ್ತು. ನನ್ನ ಅವ್ವ ಉಳುಕು ತಿಕ್ಕುವವಳು, ನನಗೂ ಕಲಿಸಿದ್ದಳು. ಔಡಲೆಣ್ಣೆ, ಹರಳೆಣ್ಣೆ ಎನ್ನುತ್ತಾರಲ್ಲ ಅದು, ಬೇಕೆಂದೆ. ಅಲ್ಲಿ ಅದು ಔಷಧದ ಅಂಗಡಿಯಲ್ಲಿ ಚಿಕ್ಕ ಬಾಟಲಿಯಲ್ಲಿ ಸಿಗುತ್ತದೆ, ಹೊಟ್ಟೆ ಕಟ್ಟಿದವರಿಗೆ. ನಾನು ಆರು ಬಾಟಲಿ ಕೇಳಿದಾಗ ಅಂಗಡಿಯವನು ನನ್ನನ್ನೂ ಸಾಹೇಬರನ್ನೂ ನೋಡಿ, ಮನೆಯಲ್ಲಿ ಎಷ್ಟು ದಿವಸದಿಂದ ಹೀಗೆ ಎಂದು ಕೇಳಿದನಂತೆ.

ಎಣ್ಣೆ ಕಾಯಿಸಿ ತಂಬಿಗೆಯಲ್ಲಿ ಹಾಕಿಕೊಂಡು ಮಾಳಿಗೆಗೆ ಹೋದೆ. ಅದು ಶುಕ್ರವಾರ ಮಧ್ಯಾಹ್ನ. ಡ್ಯಾನಿ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದ. ನನ್ನನ್ನು ಕಂಡು ಅಂಗಿ ತೆಗೆದ. ತಿಕ್ಕತೊಡಗಿದೆ. ಅವನ ಹಾಸಿಗೆ ಪಕ್ಕದಲ್ಲೇ ಇತ್ತು. ತಲೆದಿಂಬಿನ ಮೇಲೆ ಕಿವಿ ಇಡುವ ಜಾಗದಲ್ಲಿ ಒಂದು ಕಲೆ ಕಂಡಿತು. ನಡುವೆ ತೆಳು ಕೆಂಪು, ಸುತ್ತ ಹಳದಿ ಅಂಚು. ನನ್ನ ಕೈ ನಿಂತಿತು.

ಅಂಥ ಕಲೆ ನಾನು ಮೊದಲೊಮ್ಮೆ ನೋಡಿದ್ದೆ.

ಆಗ ಅಪ್ಪನ ನೆನಪು ಪೂರಾ ಬಂತು. ಅಪ್ಪ ತಂಬಿಗೆ ಬೀಳಿಸಿ ಸುಮ್ಮನಾಗುತ್ತಿರಲಿಲ್ಲ. ಬೆದರದ ಹೋರಿಗೆ ಎರಡನೆಯ ಪರೀಕ್ಷೆ ಇತ್ತು. ಹಿಂದೆ ನಿಂತು ಕಣಿಕೆಯ ಸಿವುಡನ್ನು ಸರಸರ ಅನ್ನಿಸುತ್ತಿದ್ದ. ಎದೆ ಗಟ್ಟಿಯಿದ್ದ ಹೋರಿ ತಂಬಿಗೆಗೆ ತಿರುಗದಿದ್ದರೂ ಮೇವಿನ ಸಪ್ಪಳಕ್ಕೆ ತಿರುಗುತ್ತದೆ. ಅದಕ್ಕೂ ತಿರುಗದಿದ್ದರೆ ಅದು ಕಿವುಡು. ಮಾರುವವನಿಗೆ ಅಪ್ಪ ಬೈದು ಮುಂದೆ ಹೋಗುತ್ತಿದ್ದ. ನಾನು ಅರ್ಧ ಪರೀಕ್ಷೆ ಮಾಡಿ ಎದೆ ಉಬ್ಬಿಸಿದ್ದೆ. ವಾಲ್ಟರ್ ಬೆದರಿದ, ಬೆದರಿ ಮತ್ತೆ ಮೇವಿಗೆ ಬಂದ. ಅಪ್ಪ ಅಂಥ ಹೋರಿಯನ್ನು ಎಂದೂ ಬಿಟ್ಟವನಲ್ಲ. ಅದನ್ನೂ ನಾನು ಮರೆತಿದ್ದೆ.

ನನ್ನ ಉಡಿಯಲ್ಲಿ ಕರದಂಟಿನ ಪೊಟ್ಟಣ ಇತ್ತು. ತೆಗೆದು ಡ್ಯಾನಿಯ ಬೆನ್ನ ಹಿಂದೆ ಬಿಚ್ಚಿದೆ. ಕಾಗದ ಸರಸರ ಅಂದಿತು. ದಿವಸವೂ ಆ ಸಪ್ಪಳಕ್ಕೆ ವಾಲ್ಟರ್ ಮಾಳಿಗೆಯಿಂದ ಓಡಿ ಬರುತ್ತಿದ್ದ. ಅವನನ್ನು ಕಂಡು ಡ್ಯಾನಿ ಬರುತ್ತಿದ್ದ. ಈಗ ಡ್ಯಾನಿ ಕದಲಲಿಲ್ಲ. ಅವನ ಹೆಸರು ಕೂಗಿದೆ. ಕದಲಲಿಲ್ಲ. ತಂಬಿಗೆಗೆ ಬೆರಳ ಉಂಗುರದಿಂದ ಅವನ ಕಿವಿಯ ಹತ್ತಿರವೇ ಟಣ್ಣೆಂದು ಹೊಡೆದೆ. ಎಡಕ್ಕೆ ಹೊಡೆದೆ, ಬಲಕ್ಕೆ ಹೊಡೆದೆ. ಅವನು ಕಿಟಕಿಯಾಚೆ ಗುಡ್ಡ ನೋಡುತ್ತ ಕೂತಿದ್ದ.

ಕಿಟಕಿಯ ಗಾಜಿನಲ್ಲಿ ನನ್ನ ಕೈ ಕಂಡಿರಬೇಕು. ತಟ್ಟನೆ ತಿರುಗಿದ. ತಂಬಿಗೆ ನೋಡಿದ, ನನ್ನ ಮುಖ ನೋಡಿದ. ತುಟಿಯ ಮೇಲೆ ಬೆರಳಿಟ್ಟ. ಫೋಟೋ ತೋರಿಸಿದ. ಅಂಗೈಯನ್ನು ನೆಲದ ಕಡೆ ಒತ್ತಿ ಒತ್ತಿ ತೋರಿಸಿದ. ಆಮೇಲೆ ಎರಡೂ ಕೈ ಜೋಡಿಸಿದ. ಹಾಗೆ ಕೈ ಮುಗಿಯುವುದನ್ನು ನನ್ನಿಂದಲೇ ಕಲಿತಿದ್ದ.

ಯಾರಿಗೂ ಹೇಳುವುದಿಲ್ಲ ಎಂದು ತಲೆಯಾಡಿಸಿ ಕೆಳಗೆ ಬಂದೆ.

ಬಾಳಪ್ಪನ ವಿಷಯ ಇಲ್ಲಿ ಹೇಳಬೇಕು. ಬಾಳಪ್ಪ ನನ್ನ ಮೈದುನ, ಹುಕ್ಕೇರಿಯ ತಾಲೀಮಿನ ಹುಡುಗ. ಒಂದು ಸಲ ತಲೆ ಕೆಳಗಾಗಿ ಬಿದ್ದ. ಎದ್ದು ನಕ್ಕ. ಮರುದಿವಸದಿಂದ ನಾನು ಊಟಕ್ಕೆ ಕರೆದರೆ ತಿರುಗುತ್ತಿರಲಿಲ್ಲ. ಕೌದಿಯ ಮೇಲೆ ಕಿವಿಯ ಜಾಗಕ್ಕೆ ಕಲೆ. ಅದನ್ನು ತೋರಿಸಿ ಕೇಳಿದೆ. “ವೈನಿ, ಅಣ್ಣಗ ಹೇಳಬ್ಯಾಡ್ರಿ. ಕುಸ್ತಿ ಬಿಡಸ್ತಾನ,” ಎಂದು ಕಾಲು ಹಿಡಿದ. ಹೇಳಲಿಲ್ಲ. ಮುಂದಿನ ಕುಸ್ತಿಯಲ್ಲಿ ಎದುರಿನವನು ಎತ್ತಿ ಹಾಕಿದ. ದಿನಾ ಬೀಳುವಷ್ಟೇ ಬಿದ್ದ, ಹೆಚ್ಚೇನೂ ಇಲ್ಲ. ಮೂಗಿನಿಂದ ರಕ್ತ ಬಂತು. ಹೊತ್ತು ಮುಳುಗುವ ಮೊದಲು ಹೋದ. ನನಗೆ ಗೊತ್ತಿತ್ತು ಎಂದು ನನ್ನ ಗಂಡನಿಗೆ ಸಾಯುವ ತನಕ ಗೊತ್ತಾಗಲಿಲ್ಲ.

ಶನಿವಾರ

ಒಂದು ದಿವಸ ಸುಮ್ಮನಿದ್ದೆ. ಹೇಳಿದರೆ ಅವನನ್ನು ನೆಲದ ಕೆಳಗೆ ಕಳಿಸಿದ ಹಾಗೆ. ಹೇಳದಿದ್ದರೆ ಇನ್ನೂ ಕೆಳಗೆ. ಶನಿವಾರ ಮಧ್ಯಾಹ್ನ ಊಟಕ್ಕೆ ಮೊದಲು ಸಾಹೇಬರಿಗೆ ಹೇಳಿದೆ.

“ನೀನ ಆರಿಸಿದಿ. ಈಗ ನೀನ ಬ್ಯಾಡಂತಿ,” ಎಂದರು.

“ತಪ್ಪ ಆರಿಸಿದೆ ಸಾಹೇಬ್ರ. ಅವಗ ಕಿವಿ ಇಲ್ಲ. ತಲಿ ಒಡದೈತಿ.”

ಸಾಹೇಬರು ಊಟದ ಮೇಜಿನಲ್ಲಿ ಅಪ್ಪನಿಗೆ ಹೇಳಿದರು. ವಸ್ತಾದ ಚಮಚ ಕೆಳಗಿಟ್ಟ. ಡ್ಯಾನಿಯ ಎದುರಿಗೇ ಕೂತು, ಅವನ ಮುಖ ನೋಡುತ್ತ, ನಿನಗೆ ಕೇಳುತ್ತದೆಯೋ ಇಲ್ಲವೋ ಎಂದು ಕೇಳಿದ. ಡ್ಯಾನಿ ಮುದುಕನ ಬಾಯಿ ನೋಡಿ ನಕ್ಕ. ಏನೋ ಅಂದ. ವಸ್ತಾದನೂ ನಕ್ಕ.

“ನಿಮಗಿಂತ ಛಲೋ ಕೇಳಿಸ್ತೈತಿ ಅಂದ,” ಎಂದರು ಸಾಹೇಬರು.

“ಹಿಂದ ನಿಂತ ಕೇಳಂತ ಹೇಳ್ರಿ!”

ಅದನ್ನು ಸಾಹೇಬರು ಹೇಳುವಷ್ಟರಲ್ಲಿ ವಸ್ತಾದನ ದೃಷ್ಟಿ ವಾಲ್ಟರ್‌ನ ಮೇಲೆ ಬಿತ್ತು. ವಾಲ್ಟರ್‌ಗೆ ನನ್ನ ರೊಟ್ಟಿ ಸೇರುತ್ತಿತ್ತು. ಅಡಿಗೆ ಮನೆಯಲ್ಲಿ ನನ್ನ ಹತ್ತಿರ ಕೂಡುತ್ತಿದ್ದ. ಮುದುಕಿಗೆ ನೀನು ಹೇಳಿಕೊಟ್ಟೆಯೇನು ಎಂದು ವಸ್ತಾದ ಅಂದನಂತೆ. ವಾಲ್ಟರ್ ಕುರ್ಚಿ ಹಿಂದಕ್ಕೆ ಬೀಳುವ ಹಾಗೆ ಎದ್ದ. ಏನೋ ಕೂಗಿ ಬಾಗಿಲು ಬಡಿದು ಹೋದ.

“ವಾಲ್ಟರ್ ಏನಂದನ್ರಿ?” ಎಂದೆ.

“ಮುದಿಕಿ ಚಾಡಿಯಿಂದ ಸಿಗೂ ಜಾಗ ನನಗ ಬ್ಯಾಡ ಅಂದ. ಆಯಿ, ಸಾಕಿನ್ನ. ನಾಳೆ ಆಟ ಮುಗೀಲಿ, ಡಾಕ್ಟರಗ ತೋರಸೂಣು.”

ನಾಳೆ ಆಟ ಮುಗಿದ ಮೇಲೆ. ಬಾಳಪ್ಪನೂ ಹಾಗೇ ಅಂದಿದ್ದ, ಈ ಒಂದು ಕುಸ್ತಿ ಮುಗಿಯಲಿ ಎಂದು.

ಡ್ಯಾನಿ ಎದ್ದು ಹೋಗುವಾಗ ನನ್ನ ಕಡೆ ನೋಡಲಿಲ್ಲ. ಬಾಗಿಲ ಹತ್ತಿರ ಒಂದು ಕ್ಷಣ ಗೋಡೆ ಹಿಡಿದು ನಿಂತ. ನಾನೊಬ್ಬಳೇ ನೋಡಿದೆ.

ರವಿವಾರ

ಅಷ್ಟು ಜನರನ್ನು ನಾನು ಒಂದು ಕಡೆ ಕೂತದ್ದು ನೋಡಿರಲಿಲ್ಲ. ಕಟ್ಟಿಗೆಯ ಮೆಟ್ಟಿಲುಗಳ ಮೇಲೆ ಮೆಟ್ಟಿಲು. ಎಲ್ಲರ ಬಾಯಿಯಿಂದ ಚಳಿಗೆ ಹೊಗೆ. ತುತ್ತೂರಿ ಊದಿದರು. ನನ್ನ ಸೀರೆ ನೋಡಿ ಹಿಂದಿನವರು ನಕ್ಕರು. ಎದುರು ತಂಡದವರು ಮೈದಾನಕ್ಕೆ ಬಂದರು. ಒಬ್ಬೊಬ್ಬರೂ ಕಣಜದ ಗಾತ್ರ. ಇವರಲ್ಲಿ ಯಾವನು ಡ್ಯಾನಿಯ ಮೇಲೆ ಬೀಳುತ್ತಾನೆ ಎಂದು ಎಣಿಸುತ್ತ ಕೂತೆ. ಮಡಿಲಲ್ಲಿ ತಂಬಿಗೆ ಇತ್ತು. ಮೇರಿಗೆ ಕುಡಿಯಲು ನೀರು ತಂದಿದ್ದೆ.

ನಮ್ಮ ತಂಡದವರು ಮೆಟ್ಟಿಲುಗಳ ಕೆಳಗಿನ ಒಂದು ಕೋಣೆಯಲ್ಲಿ ಇದ್ದರು. ಹೊರಗೆ ಬರುವ ಮೊದಲು ಎಲ್ಲರೂ ಮೊಣಕಾಲೂರಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ದೇವರನ್ನು ನೆನೆಯುವುದು ಅವರ ಪದ್ಧತಿ. ಆಗ ಯಾರೂ ಉಸಿರೂ ತೆಗೆಯುವುದಿಲ್ಲ ಎಂದು ಸಾಹೇಬರು ಹಿಂದೆ ಹೇಳಿದ್ದರು.

ಮೇರಿಯನ್ನು ಅವಳ ಅವ್ವನ ತೊಡೆಯ ಮೇಲೆ ಹಾಕಿದೆ. ಎದ್ದೆ.

“ಎಲ್ಲಿಗೆ, ಆಯಿ?”

“ಕಾಲ್ಮಡಿಯಾಕರಿ,” ಎಂದೆ. ಅದನ್ನು ಕೇಳಿದ ಮೇಲೆ ಯಾವ ಗಂಡಸೂ ಹಿಂದೆ ಬರುವುದಿಲ್ಲ.

ಬಾಗಿಲಲ್ಲಿ ಒಬ್ಬ ನಿಂತಿದ್ದ. ಅಡ್ಡ ಬಂದ. ಅವನ ಕಂಕುಳ ಕೆಳಗೆ ನುಗ್ಗಿದೆ. ಒಳಗೆ ಬೆವರಿನ ವಾಸನೆ, ಸಿಮೆಂಟಿನ ನೆಲ. ಎಲ್ಲರೂ ಮೊಣಕಾಲೂರಿದ್ದರು, ತಲೆ ತಗ್ಗಿಸಿದ್ದರು. ಡ್ಯಾನಿ ಎರಡನೆಯ ಸಾಲಿನಲ್ಲಿ. ವಸ್ತಾದ ಗೋಡೆಗೆ ಒರಗಿ ಕಣ್ಣು ಮುಚ್ಚಿದ್ದ. ದೇವರ ಮುಂದೆ ಕೂತವರನ್ನು ಕೆಡಿಸುತ್ತಿದ್ದೇನೆ ಎಂದು ನನಗೆ ಭಯ. ಇವರು ನನ್ನನ್ನು ಹೊಡೆದರೆ ಕೇಳುವವರಿಲ್ಲ ಎಂದೂ ಭಯ. ತಂಬಿಗೆಯ ನೀರು ಚೆಲ್ಲಿದೆ. ಡ್ಯಾನಿಯ ಬೆನ್ನ ಹಿಂದೆ ನಿಂತೆ. ತಂಬಿಗೆಯನ್ನು ತಲೆಯ ಮೇಲೆತ್ತಿ ಬಿಟ್ಟೆ.

ಆ ಸಪ್ಪಳ ಇನ್ನೂ ನನ್ನ ಕಿವಿಯಲ್ಲಿದೆ. ಅಷ್ಟೂ ಗಂಡಸರು ಗುಂಡು ಹಾರಿದ ಹಾಗೆ ಬೆದರಿ ತಿರುಗಿದರು. ತಂಬಿಗೆ ಉರುಳುತ್ತ ಟಣ್ ಟಣ್ ಎಂದು ಗೋಡೆಯ ತನಕ ಹೋಯಿತು.

ಡ್ಯಾನಿ ಒಬ್ಬನೇ ತಲೆ ತಗ್ಗಿಸಿ ಕಣ್ಣು ಮುಚ್ಚಿಕೊಂಡೇ ಇದ್ದ. ಅವನ ತುಟಿ ಅಲುಗುತ್ತಿದ್ದವು.

ಬಾಗಿಲ ಮನುಷ್ಯ ನನ್ನ ರಟ್ಟೆ ಹಿಡಿದ. ವಸ್ತಾದ ಕೈಯೆತ್ತಿ ಅವನನ್ನು ತಡೆದ. ಮೆಲ್ಲಗೆ ಬಂದು ನನ್ನ ಪಕ್ಕ ನಿಂತ.

“ಡ್ಯಾನಿ,” ಎಂದ.

ಮತ್ತೆ, ಜೋರಾಗಿ, “ಡ್ಯಾನಿ.”

ಮೂರನೆಯ ಸಲ ಮುದುಕ ಕಿರುಚಿದ. ಅವನ ಕೊರಳ ನರ ಉಬ್ಬಿತು. ಡ್ಯಾನಿಯ ತುಟಿ ಅಲುಗುತ್ತಲೇ ಇದ್ದವು. ಅವನ ಜೊತೆಯವರು ಒಬ್ಬೊಬ್ಬರೇ ಎದ್ದು ಹಿಂದೆ ಸರಿದರು. ಮೈಲಿಬೇನೆ ಕಂಡವರ ಹಾಗೆ ಸರಿದರು.

ಅವನು ಬೇಡುವುದು ಮುಗಿಸಿ ಕಣ್ಣು ತೆರೆದ. ಸುತ್ತಲೂ ಕಾಲುಗಳು. ತಲೆ ಎತ್ತಿ ಎಲ್ಲರ ಮುಖ ನೋಡಿದ. ಗೋಡೆಯ ಹತ್ತಿರ ತಂಬಿಗೆ ನೋಡಿದ. ಆಮೇಲೆ ನನ್ನನ್ನು ನೋಡಿದ.

ವಸ್ತಾದ ವಾಲ್ಟರ್‌ನ ಎದೆಗೆ ಬೆರಳು ತೋರಿಸಿದ, ಅಷ್ಟೇ. ವಾಲ್ಟರ್ ಟೊಪ್ಪಿಗೆ ಹಾಕಿಕೊಂಡ. ಟೊಪ್ಪಿಗೆಯ ಪಟ್ಟಿ ಕಟ್ಟಲು ಬರಲಿಲ್ಲ. ಮತ್ತೆ ಕಟ್ಟಿದ, ಮತ್ತೆ ಬಿಚ್ಚಿತು. ಮೂರನೆಯ ಸಲ ಕಟ್ಟಿಕೊಂಡು ಮೈದಾನಕ್ಕೆ ಹೋದ.

ಡ್ಯಾನಿ ಎದ್ದು ತಂಬಿಗೆ ಎತ್ತಿಕೊಂಡ. ನನ್ನ ಎದುರು ಬಂದು ನಿಂತ. ತಲೆಗೆ ಹೊಡೆಯುತ್ತಾನೆ ಎಂದು ನಾನು ಕಣ್ಣು ಮುಚ್ಚಿದೆ. ಹೊಡೆದರೆ ಹೊಡೆಯಲಿ, ಆಮೇಲೆ ಕುಳ್ಳಿರಿಸಿ ಮಣ್ಣು ಕೊಟ್ಟರೆ ಸಾಕು ಎಂದುಕೊಂಡೆ. ಕಣ್ಣು ತೆರೆದಾಗ ಅವನು ಬಾಗಿಲ ಆಚೆ ಇದ್ದ. ಮೈದಾನದ ಅಂಚಿನಲ್ಲಿ ಎರಡು ಹೆಜ್ಜೆ ಹಿಂದೆ ಸರಿದು, ಉಳುಕಿದ ಅದೇ ಹೆಗಲಿನಿಂದ ತಂಬಿಗೆ ಒಗೆದ. ಅದು ಬಿಸಿಲಿಗೆ ಹೊಳೆಯುತ್ತ ಎದುರಿನ ಮೆಟ್ಟಿಲುಗಳ ಜನರ ಮೇಲೆ ಹಾದು, ಅದರ ಹಿಂದಿನ ಗಿಡಗಳ ಮೇಲೆ ಹಾದು, ಹೊಳೆಯ ಕಡೆ ಹೋಯಿತು. ವಾಲ್ಟರ್‌ನ ಕವಣೆಯ ತೋಳಿನಿಂದ ಕೂಡ ಅಷ್ಟು ದೂರ ಒಗೆದದ್ದು ನಾನು ನೋಡಿಲ್ಲ. ಅಷ್ಟು ಶಕ್ತಿ ಇಟ್ಟುಕೊಂಡು ಇಷ್ಟು ದಿವಸ ಯಾಕೆ ಮಡಿಲಲ್ಲಿ ಇಟ್ಟ ಹಾಗೆ ಒಗೆಯುತ್ತಿದ್ದನೋ. ದೂರ ಒಗೆದರೆ ತಲೆಯೊಳಗೆ ನೋಯುತ್ತಿತ್ತೇನೋ. ಏನು ನಡೆದಿದೆ ಎಂದು ಗೊತ್ತಿಲ್ಲದ ಜನ ಎದ್ದು ಚಪ್ಪಾಳೆ ಹೊಡೆದರು. ಅವನಿಗೆ ಅದೂ ಕೇಳಿಸಲಿಲ್ಲ. ಮೊಣಕಾಲು ಮಡಿಸಿ ಅಲ್ಲೇ ಕೂತು, ತಲೆ ಹಿಡಿದುಕೊಂಡು ವಾಂತಿ ಮಾಡಿದ.

ಅಂದು ಆಟ ಸೋತರು. ವಾಲ್ಟರ್ ಬಿದ್ದ, ಬೈದ, ಎದ್ದ, ಮತ್ತೆ ಒಗೆದ. ಆದರೂ ಸೋತರು. ನಾನು ಊರು ಬಿಡುವ ತನಕ ಹಾಲಿನವನು ನನ್ನ ಮುಖ ನೋಡಲಿಲ್ಲ. ಮೊದಲು ಮಾತಾಡಿಸದಿದ್ದ ಜನ ಈಗ ನನ್ನನ್ನು ಕಂಡು ಬಾಗಿಲು ಮುಚ್ಚಿದರು. ಡ್ಯಾನಿಯನ್ನು ಆಸ್ಪತ್ರೆಗೆ ಒಯ್ದರು. ನಾನು ಕರದಂಟು ಕೊಟ್ಟು ಕಳಿಸಿದೆ. ಪೊಟ್ಟಣ ಬಿಚ್ಚದೆ ವಾಪಸ್ಸು ಬಂತು.

ಮತ್ತೆ ಧುಪದಾಳ

ಬರುವಾಗ ಹಡಗಿನಲ್ಲಿ ತಗಡಿನ ಲೋಟದಲ್ಲಿ ನೀರು ಕುಡಿದೆ. ನೀರಿನ ಭಯ ಇತ್ತು, ಆದರೆ ಹೋಗುವಾಗಿನಷ್ಟು ಇರಲಿಲ್ಲ.

ಹೋದ ತಿಂಗಳು ವಸ್ತಾದನ ಕಾಗದ ಬಂತು. ಸಾಹೇಬರು ಬಂಗಲೆಯ ಪಡಸಾಲೆಯಲ್ಲಿ ಕೂತು ಓದಿದರು. ನಾನು ಮೇರಿಯ ತಲೆ ಬಾಚುತ್ತಿದ್ದೆ.

“ಡಾಕ್ಟರ ತಲಿ ಫೋಟೋ ತಗದಾರ. ಬುರಡಿ ಸೀಳೇತಿ. ಇನ್ನೊಂದ ಪೆಟ್ಟ ಬಿದ್ದಿದ್ರ ಮುಗೀತಿತ್ತಂತ.”

“ಈಗೇನ ಮಾಡತಾನ್ರಿ?”

“ಗಣಿ ಬಾಗಲದಾಗ ಕಲ್ಲಿದ್ದಲ ತೂಗತಾನ. ಕೆಳಗ ಇಳ್ಯಾಂಗಿಲ್ಲ, ಡಾಕ್ಟರ ಬರದ ಕೊಟ್ಟಾರ.”

“ಕಿವಿ?”

“ಬರಲಿಲ್ಲ.”

ಮೇರಿಯ ಜಡೆ ಹೆಣೆದು ಮುಗಿಸಿದೆ. “ನನ್ನ ಬೈತಾನೇನ್ರಿ?” ಎಂದು ಕೇಳಿದೆ.

ಸಾಹೇಬರು ಕಾಗದ ಮಡಿಚಿದರು. ಮತ್ತೆ ಬಿಚ್ಚಿದರು. ಸುಳ್ಳು ಹೇಳಲು ನೋಡಿದರು, ಬರಲಿಲ್ಲ.

“ಬೈತಾನ, ಆಯಿ. ಯಾರರ ಚೆಂಡಿನ ಮಾತ ತಗದ್ರ ಸಾಕು, ನಿನ್ನ ಬೈಯಾಕ ಚಾಲೂ ಮಾಡತಾನಂತ.”

“ಬೈಲಿ ಬಿಡ್ರಿ,” ಎಂದೆ. “ಬಾಳಪ್ಪ ಒಂದ ದಿವಸನೂ ಬೈಲಿಲ್ಲ ನನ್ನ.”